ಕೊಕ್ಕರೆಯ ಎರಡು ಹನಿ ರಕ್ತಕ್ಕಾಗಿ ಪಟ್ಟ ಪಾಡು

ಬಣ್ಣದ ಕೊಕ್ಕರೆಗಳ ರಕ್ತ ತೆಗೆದು ನೋಡುವ ನನ್ನ ಪಿಎಚ್‌ಡಿ ಕೆಲಸದ ಕೊನೆಯ ವರದಿಯನ್ನು ಅರಣ್ಯ ಇಲಾಖೆಗೆ ಕೊಟ್ಟು, ನನ್ನ ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಂಡು ಮೊನ್ನೆ ಮನೆಗೆ ಬಂದೆ. ಕಾಗದದ ಓಡಾಟ ಅಲ್ಲಿಗೆ ಮುಗಿಯಿತು. ಮರೆಯುವ ಮೊದಲು ಎಲ್ಲ ಬರೆದಿಡೋಣ ಅನ್ನಿಸಿತು. ಯಾಕಂದ್ರೆ ನಾನು ಶುರು ಮಾಡಿದಾಗ ಯಾವ ಕಚೇರಿಗೆ ಮೊದಲು ಹೋಗಬೇಕು, ಸೂಜಿ ಯಾರು ಚುಚ್ಚಬೇಕು, ಸ್ಲೈಡು ಎಲ್ಲಿ ಒಣಗಿಸಬೇಕು ಅಂತ ಹೇಳುವವರು ಯಾರೂ ಸಿಗಲಿಲ್ಲ. ಇಂಗ್ಲಿಷ್ ಪ್ರಬಂಧಗಳಲ್ಲಿ ‘ಅಗತ್ಯ ಅನುಮತಿ ಪಡೆದು ರಕ್ತ ಸಂಗ್ರಹಿಸಲಾಯಿತು’ ಅಂತ ಒಂದು ಸಾಲು ಇರುತ್ತದೆ, ಅಷ್ಟೇ. ಆ ಒಂದು ಸಾಲಿಗೇ ನನ್ನ ಪಿಎಚ್‌ಡಿಯ ಅರ್ಧ ಕಾಲ ಹೋಯಿತು.

ನಾನು ಬಾಗಲಕೋಟೆಯವಳು, ನವನಗರದಲ್ಲಿ ಮನೆ. ಆಲಮಟ್ಟಿ ಹಿನ್ನೀರಿನಲ್ಲಿ ಹಳೆಯ ಊರಿನ ಎಷ್ಟೋ ಭಾಗ ಮುಳುಗಿದ್ದು ಗೊತ್ತೇ ಇದೆ. ನಮ್ಮವರ ಮನೆ, ಹೊಲ ಹೋದ ಆ ನೀರಿನ ದಂಡೆಯಲ್ಲೇ ಈಗ ಹಕ್ಕಿಗಳು ಮೇಯುತ್ತವೆ. ಹೆರಕಲ್ ಕಡೆ ಹೋದರೆ ನೀರು ಇಳಿದ ಕೆಸರಿನಲ್ಲಿ ಬಣ್ಣದ ಕೊಕ್ಕರೆಗಳು ಸಾಲಾಗಿ ನಿಂತಿರುತ್ತವೆ. ಹಳದಿ ಕೊಕ್ಕು, ಕೇಸರಿ ಬಣ್ಣದ ಬೋಳು ಮುಖ, ಬಾಲದ ಹತ್ತಿರ ಗುಲಾಬಿ ಗರಿ. ಕೊಕ್ಕನ್ನು ಅರ್ಧ ತೆರೆದು ನೀರಲ್ಲಿ ಅದ್ದಿಕೊಂಡು ನಡೆಯುತ್ತವೆ, ಮೀನು ತಾಗಿದ ಕೂಡಲೇ ಹಿಡಿಯುತ್ತವೆ. ಕಣ್ಣಿನಿಂದ ನೋಡಿ ಬೇಟೆಯಾಡುವುದು ಕಡಿಮೆ. ಹಾಗಾಗಿ ನೀರು ಮೊಣಕಾಲಷ್ಟೇ ಇರಬೇಕು, ಜಾಸ್ತಿಯಾದರೆ ಅವಕ್ಕೆ ಊಟ ಇಲ್ಲ.

ನನ್ನ ವಿಷಯ ಈ ಹಕ್ಕಿಗಳ ರಕ್ತದಲ್ಲಿ ವಾಸ ಮಾಡುವ ಪರಾವಲಂಬಿಗಳು. ಮನೆಯಲ್ಲಿ ಹೇಳಿದಾಗ ನಮ್ಮವ್ವ ಕೇಳಿದ್ದು, "ಹಕ್ಕಿಗೂ ಮಲೇರಿಯಾ ಬರ್ತೈತೇನ?" ಬರುತ್ತದೆ. ರೊನಾಲ್ಡ್ ರಾಸ್ 1898ರಲ್ಲಿ ಕಲ್ಕತ್ತಾದಲ್ಲಿ ಮಲೇರಿಯಾ ಪರಾವಲಂಬಿ ಸೊಳ್ಳೆಯೊಳಗೆ ಬೆಳೆದು ಕಡಿತದಿಂದ ಹರಡುವುದನ್ನು ಪೂರ್ತಿ ತೋರಿಸಿದ್ದು ಹಕ್ಕಿಗಳ ಮೇಲೆಯೇ. 1902ರಲ್ಲಿ ನೊಬೆಲ್ ಬಂತು. ಹಕ್ಕಿಗಳಲ್ಲಿ ಮುಖ್ಯವಾಗಿ ಮೂರು ಗುಂಪು ನೋಡುತ್ತೇವೆ. ಪ್ಲಾಸ್ಮೋಡಿಯಂ ಸೊಳ್ಳೆಯಿಂದ ಬರುತ್ತದೆ. ಹೀಮೋಪ್ರೋಟಿಯಸ್ ಬರುವುದು ಕ್ಯುಲಿಕಾಯ್ಡಿಸ್ ಅನ್ನುವ ಕಣ್ಣಿಗೆ ಕಾಣಲೂ ಕಷ್ಟವಾಗುವ ಸಣ್ಣ ನೊಣದಿಂದ, ಕೆಲವು ಸಲ ಗರಿಗಳ ನಡುವೆ ಓಡಾಡುವ ಚಪ್ಪಟೆ ನೊಣದಿಂದ. ಲ್ಯೂಕೋಸೈಟೋಝೂನ್ ಹರಿಯುವ ನೀರಿನಲ್ಲಿ ಹುಟ್ಟುವ ಕಪ್ಪು ನೊಣದಿಂದ. ಕ್ಯುಲಿಕಾಯ್ಡಿಸ್ ಅಂದರೆ ನಮ್ಮ ಕಡೆ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಕುರಿಗೆ ನೀಲಿ ನಾಲಿಗೆ ರೋಗ ಹರಡುವ ನೊಣ ಅಂದರೆ ಕುರಿಗಾರರೆಲ್ಲ ತಲೆ ಆಡಿಸುತ್ತಾರೆ. ಎರಡೂ ಒಂದೇ ಗುಂಪು.

ಈಗ ಓಡಾಟದ ಕಥೆ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಯನ್ನು ಹಿಡಿಯುವುದೂ ಬೇಟೆಯ ಲೆಕ್ಕಕ್ಕೇ ಬರುತ್ತದೆ. ಕೊಲ್ಲಬೇಕಂತಿಲ್ಲ. ‘ಎರಡು ಹನಿ ರಕ್ತ ತಾನೇ, ಚುಚ್ಚಿ ಬಿಟ್ಟುಬಿಡ್ತೀವಿ’ ಅಂತ ಹೊರಟರೆ ಕೇಸು. ಸಂಶೋಧನೆಗೆ 12ನೇ ಸೆಕ್ಷನ್‌ನಲ್ಲಿ ಪರವಾನಗಿ ಕೊಡುತ್ತಾರೆ. ಕೊಡುವವರು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು, ಅವರ ಕಚೇರಿ ಬೆಂಗಳೂರು ಮಲ್ಲೇಶ್ವರದ ಅರಣ್ಯ ಭವನ. 2022ರ ತಿದ್ದುಪಡಿಯಲ್ಲಿ ಅನುಸೂಚಿಗಳನ್ನೆಲ್ಲ, ಅಂದರೆ ಯಾವ ಪ್ರಾಣಿಗೆ ಎಷ್ಟು ರಕ್ಷಣೆ ಅನ್ನುವ ಪಟ್ಟಿಗಳನ್ನೆಲ್ಲ, ಹೊಸದಾಗಿ ಜೋಡಿಸಿದ್ದಾರೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದಕ್ಕೂ ಮುಂಚಿನ ಯಾವುದೋ ಪುಸ್ತಕ ನೋಡಿ ಅರ್ಜಿಯಲ್ಲಿ ಅನುಸೂಚಿ ಸಂಖ್ಯೆ ಬರೆಯಬೇಡಿ. ಹೊಸ ಪಟ್ಟಿ ಇಳಿಸಿಕೊಂಡು, ಹಕ್ಕಿಯ ವೈಜ್ಞಾನಿಕ ಹೆಸರು ಹುಡುಕಿ ಬರೆಯಿರಿ.

ಅರ್ಜಿಯ ಜೊತೆ ನಾನು ಇಟ್ಟಿದ್ದು: ಸಂಶೋಧನೆಯ ಪ್ರಸ್ತಾವನೆ, ಪಿಎಚ್‌ಡಿ ನೋಂದಣಿ ಪತ್ರ, ಗೈಡ್ ಪತ್ರ, ವಿಭಾಗದ ಮುಖ್ಯಸ್ಥರ ಪತ್ರ, ಪ್ರಾಣಿ ಪ್ರಯೋಗಗಳ ನೈತಿಕ ಸಮಿತಿಯ ಒಪ್ಪಿಗೆ, ಜಾಗದ ನಕ್ಷೆ, ಮತ್ತು ರಕ್ತ ತೆಗೆಯಲು ಒಪ್ಪಿದ ಪಶುವೈದ್ಯರ ಪತ್ರ. ಈ ಕೊನೆಯದು ಇಲ್ಲದೆ ಅರ್ಜಿ ಮುಂದೆ ಹೋಗುವುದು ಕಷ್ಟ. ಎಷ್ಟು ಹಕ್ಕಿ, ಒಂದು ಹಕ್ಕಿಯಿಂದ ಎಷ್ಟು ರಕ್ತ, ಯಾವ ರಕ್ತನಾಳದಿಂದ, ತೆಗೆದ ಮೇಲೆ ಹಕ್ಕಿಯನ್ನು ಎಲ್ಲಿ ಬಿಡುತ್ತೀರಿ, ಮಾದರಿ ಎಲ್ಲಿಡುತ್ತೀರಿ ಎಲ್ಲವನ್ನೂ ನೀವಾಗಿಯೇ ಬರೆದುಬಿಡಿ. ಬರೆಯದಿದ್ದರೆ ಪ್ರಶ್ನೆ ಆಗಿ ವಾಪಸ್ ಬರುತ್ತದೆ, ಉತ್ತರ ಹೋಗಲು ಮತ್ತೆ ಅಷ್ಟೇ ಕಾಲ. ಮಾದರಿ ವಿದೇಶಕ್ಕೆ ಕಳಿಸುವುದಿಲ್ಲ ಅಂತಲೂ ಒಂದು ಸಾಲು ಹಾಕಿ. ಕಳಿಸುವ ಯೋಚನೆ ಇದ್ದರೆ 2002ರ ಜೀವವೈವಿಧ್ಯ ಕಾಯ್ದೆ ಅಂತ ಬೇರೆಯೇ ಒಂದು ದಾರಿ ಇದೆ, ನಾನು ಆ ಕಡೆ ತಲೆ ಹಾಕಲಿಲ್ಲ.

ಅರ್ಜಿ ಬೆಂಗಳೂರಿಗೆ ಹೋಗುತ್ತದೆ, ಅಲ್ಲಿಂದ ‘ಅಭಿಪ್ರಾಯ ಕೋರಿ’ ಕೆಳಗೆ ಇಳಿಯುತ್ತದೆ. ಜಿಲ್ಲೆ, ಅಲ್ಲಿಂದ ವಲಯ. ವಲಯದವರು ಜಾಗ ನೋಡಿ ಬರೆದದ್ದು ಮತ್ತೆ ಮೆಟ್ಟಿಲು ಹತ್ತುತ್ತದೆ. ನಡುವೆ ಒಂದು ಕಡೆ ನನ್ನ ಕಡತ ನಾಪತ್ತೆ ಆಯಿತು. ಯಾವ ಕಡೆ ಅಂತ ಬರೆಯುವುದಿಲ್ಲ. ಮೇಲಿನವರು ಕಳಿಸಿದ್ದೇವೆ ಅಂತಾರೆ, ಕೆಳಗಿನವರು ಬಂದಿಲ್ಲ ಅಂತಾರೆ. ನಾನು ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುವುದು, ಬೆಳಿಗ್ಗೆ ಯಾವುದೋ ಸಂಬಂಧಿಕರ ಮನೆಯಲ್ಲಿ ಸ್ನಾನ ಮಾಡಿ ಕಚೇರಿ ಬೆಂಚಿನ ಮೇಲೆ ಕೂರುವುದು, ‘ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ’ ಅಂತ ಕೇಳಿಸಿಕೊಂಡು ರಾತ್ರಿ ವಾಪಸ್ ಹೊರಡುವುದು, ಇದೇ ಆಯಿತು. ಕೊನೆಗೆ ಒಬ್ಬ ಗುಮಾಸ್ತರು ಕನಿಕರಪಟ್ಟು, "ಅಮ್ಮಾ, ಪತ್ರದ ಸಂಖ್ಯೆ ಮತ್ತು ತಾರೀಖು ಇಲ್ಲದೆ ಹುಡುಕೋಕೆ ಆಗಲ್ಲ, ಪ್ರತಿ ಸಲ ಬಂದಾಗ ಅದನ್ನ ಬರೆದುಕೊಂಡು ಹೋಗಿ" ಅಂದರು. ಅಲ್ಲಿಂದ ಮುಂದೆ ಒಂದು ಸಣ್ಣ ನೋಟ್‌ಬುಕ್ ಇಟ್ಟೆ. ಯಾವ ಪತ್ರ, ಯಾವ ಸಂಖ್ಯೆ, ಯಾರಿಂದ ಯಾರಿಗೆ. ಆ ಸಂಖ್ಯೆ ಹೇಳಿದ ಕೂಡಲೇ ಕಡತ ಸಿಕ್ಕಿತು, ಬೇರೆ ಯಾವುದೋ ಕಂತೆಯ ಅಡಿಯಲ್ಲಿ ಇತ್ತು. ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ.

ಪರವಾನಗಿ ಬಂತು. ಸಿಹಿ ಹಂಚಿದೆವು. ಆದರೆ ಅದು ಬಂದಿದ್ದು ಬಿಸಿಲು ಏರಿದ ಮೇಲೆ. ನಮ್ಮ ಕಡೆ ಈ ಕೊಕ್ಕರೆಗಳು ಚಳಿಗಾಲದಲ್ಲಿ ಗೂಡು ಕಟ್ಟಿ, ಬೇಸಿಗೆ ಜೋರಾಗುವ ಹೊತ್ತಿಗೆ ಮರಿಗಳನ್ನು ಹಾರಿಸಿಬಿಡುತ್ತವೆ. ನಾನು ಆದೇಶದ ಪ್ರತಿ ಹಿಡಿದುಕೊಂಡು ಊರಿಗೆ ಹೋದಾಗ ಮರದಲ್ಲಿ ಖಾಲಿ ಗೂಡುಗಳು. ಕಾಗದದಲ್ಲಿ ಅವಧಿ ಓಡುತ್ತಿದೆ, ಹಕ್ಕಿ ಇಲ್ಲ. ಮುಂದಿನ ಹಂಗಾಮು ಬರುವಷ್ಟರಲ್ಲಿ ಅವಧಿ ಮುಗಿಯುವ ಹಾಗಿತ್ತು, ನವೀಕರಣಕ್ಕೆ ಮತ್ತೆ ಅರ್ಜಿ. ಇದನ್ನು ಓದುತ್ತಿರುವವರಿಗೆ ನನ್ನ ಒಂದೇ ಕೋರಿಕೆ: ಅರ್ಜಿಯಲ್ಲೇ ಹಕ್ಕಿ ಗೂಡು ಕಟ್ಟುವ ತಿಂಗಳುಗಳನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ, ಅವಧಿ ಆ ತಿಂಗಳುಗಳನ್ನು ದಾಟುವ ಹಾಗೆ ಕೇಳಿ.

ಗೂಡಿನ ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಮುಂದಿನ ಭಾನುವಾರವೇ ಕ್ಯಾಮೆರಾ ಹಿಡಿದು ಮರದ ಕೆಳಗೆ ಜನ ನಿಲ್ಲುತ್ತಾರೆ. ಜನ ಹತ್ತಿರ ಹೋದರೆ ದೊಡ್ಡ ಹಕ್ಕಿಗಳು ಎದ್ದು ಹೋಗುತ್ತವೆ. ಆ ಬಿಸಿಲಿನಲ್ಲಿ ಮರಿಗಳ ಮೇಲೆ ರೆಕ್ಕೆ ಹರಡಿ ನೆರಳು ಮಾಡುವುದು, ಕೊಕ್ಕಿನಲ್ಲಿ ನೀರು ತಂದು ಮೈಮೇಲೆ ಸುರಿಯುವುದು ಅವೇ. ಅವು ಸ್ವಲ್ಪ ಹೊತ್ತು ಇಲ್ಲದಿದ್ದರೂ ಸಾಕು, ಒಂದೋ ಬಿಸಿಲು, ಇಲ್ಲಾ ಕಾಗೆ. ಅದಕ್ಕೇ ನಾವು ಮರ ಹತ್ತಿ ಮರಿ ತೆಗೆಯುವ ಯೋಜನೆಯನ್ನೇ ಕೈಬಿಟ್ಟೆವು. ಗಾಳಿಗೆ ಕೆಳಗೆ ಬಿದ್ದ ಮರಿಗಳು, ಗಾಳಿಪಟದ ಮಾಂಜಾಕ್ಕೆ ಸಿಕ್ಕ, ಕರೆಂಟ್ ತಂತಿಗೆ ಬಡಿದ, ಮೀನಿನ ಬಲೆಯಲ್ಲಿ ತೊಡರಿದ ದೊಡ್ಡ ಹಕ್ಕಿಗಳು, ಅಂದರೆ ಹೇಗೂ ಇಲಾಖೆಯವರ ಕೈಗೆ, ಡಾಕ್ಟರ ಮೇಜಿಗೆ ಬರುವ ಹಕ್ಕಿಗಳು ಮಾತ್ರ ಸಾಕು ಅಂತ ನಿರ್ಧಾರ. ಮಾದರಿ ಕಡಿಮೆ ಆಗುತ್ತದೆ, ಗೈಡ್ ಮುಖ ಸಪ್ಪೆ ಆಗುತ್ತದೆ. ಆಗಲಿ. ನನ್ನ ಪ್ರಬಂಧ ದಪ್ಪ ಆಗಲಿ ಅಂತ ಗೂಡು ಖಾಲಿ ಮಾಡಿಸುವುದು ನನಗೆ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. (ನಿಮಗೆ ಗಾಯಗೊಂಡ ಹಕ್ಕಿ ಸಿಕ್ಕರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಹಕ್ಕಿಜ್ವರದ ಭಯ ಇದ್ದೇ ಇರುತ್ತದೆ.)

ಆಮೇಲೆ ಕಾಯುವ ಕೆಲಸ. ಹಕ್ಕಿ ಯಾವಾಗ ಬೀಳುತ್ತದೆ ಅಂತ ಯಾರಿಗೆ ಗೊತ್ತು? ಮೊಬೈಲ್ ಪಕ್ಕದಲ್ಲಿಟ್ಟುಕೊಂಡೇ ಮಲಗುತ್ತಿದ್ದೆ. ಹಕ್ಕಿಗೆ ಗಾಯ ಆಗಲಿ ಅಂತ ಕಾಯುತ್ತಿದ್ದೇನಲ್ಲ ಅಂತ ಒಳಗೊಳಗೇ ಮುಜುಗರ. ಅರಣ್ಯ ಇಲಾಖೆಯ ಗಾರ್ಡ್ ಒಬ್ಬರು ಫೋನ್ ಮಾಡಿದಾಗೆಲ್ಲ ಮೊದಲು ಕೇಳುತ್ತಿದ್ದುದು, "ಅಕ್ಕಾರ, ಖುಷಿ ಸುದ್ದಿ ಹೇಳ್ಲೋ, ದುಃಖದ ಸುದ್ದಿ ಹೇಳ್ಲೋ? ಎರಡೂ ಒಂದೇ ಐತ್ರಿ."

ರಕ್ತ ತೆಗೆಯುವುದು ಐದು ನಿಮಿಷದ ಕೆಲಸ. ಅದಕ್ಕೆ ತಯಾರಾಗುವುದು ದೊಡ್ಡದು. ಕೊಕ್ಕರೆಯ ಕೊಕ್ಕು ನೇರ ಕಣ್ಣಿಗೇ ಬರುತ್ತದೆ, ಕನ್ನಡಕ ಹಾಕದೆ ಹತ್ತಿರ ಹೋಗಬೇಡಿ. ಒಬ್ಬರು ಕೊಕ್ಕು ಮತ್ತು ತಲೆ ಹಿಡಿಯಬೇಕು, ಇನ್ನೊಬ್ಬರು ರೆಕ್ಕೆಯನ್ನು ಮೈಗೆ ಒತ್ತಿ ಹಿಡಿಯಬೇಕು. ತಲೆಯ ಮೇಲೆ ಹಗುರ ಹತ್ತಿ ಬಟ್ಟೆ ಹಾಕಿದರೆ ಹಕ್ಕಿ ಸುಮ್ಮನಾಗುತ್ತದೆ, ಆದರೆ ಮೂಗಿನ ತೂತು ಮುಚ್ಚಬಾರದು. ಉದ್ದ ಕಾಲನ್ನು ಮಡಿಚಿ ತುಂಬಾ ಹೊತ್ತು ಇಟ್ಟರೆ ಆಮೇಲೆ ನಿಲ್ಲಲಾರದು. ಹೆದರಿ ಹೆದರಿಯೇ ಸ್ನಾಯು ಹಾಳಾಗಿ ಸಾಯುವ ಹಕ್ಕಿಗಳೂ ಉಂಟು. ನಮ್ಮ ಡಾಕ್ಟರು ಕಾಲಿನ ಒಳಮಗ್ಗುಲ ರಕ್ತನಾಳದಿಂದ ತೆಗೆಯುತ್ತಿದ್ದರು. ಅಲ್ಲಿ ಒಂದು ತೊಂದರೆ. ಕೊಕ್ಕರೆಗಳು ಸೆಖೆ ಆದಾಗ ಕಾಲಿನ ಮೇಲೆ ತಾವೇ ಹಿಕ್ಕೆ ಹಾಕಿಕೊಳ್ಳುತ್ತವೆ, ಅದು ಆರುವಾಗ ಕಾಲು ತಂಪಾಗುತ್ತದೆ. ಬಾಗಲಕೋಟೆ ಬಿಸಿಲಿಗೆ ಕಾಲು ಪೂರ್ತಿ ಸುಣ್ಣ ಬಳಿದ ಕಂಬದ ಹಾಗಿರುತ್ತದೆ, ರಕ್ತನಾಳ ಕಾಣುವುದೇ ಇಲ್ಲ. ಮೊದಲು ನೀರಿನಿಂದ, ಆಮೇಲೆ ಸ್ಪಿರಿಟ್‌ನಿಂದ ಚೆನ್ನಾಗಿ ಒರೆಸಬೇಕು. ಹತ್ತಿ ಜಾಸ್ತಿ ಇಟ್ಟುಕೊಳ್ಳಿ.

ಎಷ್ಟು ತೆಗೆಯಬಹುದು ಅಂತ ಊರಿನವರಿಗೂ ಆತಂಕ ಇರುತ್ತದೆ. ಆರೋಗ್ಯವಾಗಿರುವ ಹಕ್ಕಿಯಿಂದ ಮೈತೂಕದ ಶೇ. 1ಕ್ಕಿಂತ ಜಾಸ್ತಿ ತೆಗೆಯಬಾರದು ಅನ್ನುವುದು ಎಲ್ಲರೂ ಪಾಲಿಸುವ ಮಿತಿ. ಎರಡು ಕಿಲೋ ಹಕ್ಕಿಗೆ ಅದು 20 ಮಿ.ಲೀ. ಸುತ್ತಮುತ್ತ ಆಗುತ್ತದೆ. ಗಾಯಗೊಂಡ ಹಕ್ಕಿಯಿಂದ ಅಷ್ಟು ತೆಗೆಯುವ ಮಾತೇ ಇಲ್ಲ, ನಮಗೆ ಬೇಕಿದ್ದದ್ದೂ ಕೆಲವು ಹನಿ. ಹಕ್ಕಿಗಳ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ ಇರುತ್ತದೆ, ನಮ್ಮ ಕಣಗಳ ಹಾಗಲ್ಲ. ಹಾಗಾಗಿ ಸ್ವಲ್ಪ ರಕ್ತದಲ್ಲೇ ಡಿಎನ್ಎ ಬೇಕಾದಷ್ಟು ಸಿಗುತ್ತದೆ.

ಇದೇ ನ್ಯೂಕ್ಲಿಯಸ್ ಇನ್ನೊಂದು ಕಡೆ ಪೇಚಿಗೆ ತಂದಿತು. ರಕ್ತಕಣಗಳ ಎಣಿಕೆಯೂ ಸಿಕ್ಕರೆ ಒಳ್ಳೆಯದು ಅಂತ ಪಟ್ಟಣದ ಒಂದು ಖಾಸಗಿ ಲ್ಯಾಬಿಗೆ ಕೊಟ್ಟೆವು. ಮನುಷ್ಯರ ರಕ್ತಕ್ಕೆ ಮಾಡಿದ ಯಂತ್ರ ಹಕ್ಕಿಯ ಕೆಂಪು ಕಣಗಳನ್ನು ಬಿಳಿ ಕಣ ಅಂತ ಎಣಿಸಿ, ಊಹಿಸಲಾಗದ ಸಂಖ್ಯೆ ಕೊಟ್ಟಿತು. ಟೆಕ್ನಿಷಿಯನ್ ಗಾಬರಿಯಿಂದ, "ಮೇಡಂ, ಈ ಪೇಷಂಟ್ ಬದುಕ್ಯಾರೇನ್ರಿ?" ಅಂದ. ಪೇಷಂಟ್ ಆಗ ಡಾಕ್ಟರ ಅಂಗಳದಲ್ಲಿ ನಿಂತು ಮೀನು ನುಂಗುತ್ತಿತ್ತು. ಹಕ್ಕಿಯ ರಕ್ತಕಣಗಳನ್ನು ಕೈಯಿಂದಲೇ, ಸೂಕ್ಷ್ಮದರ್ಶಕದಲ್ಲೇ ಎಣಿಸಬೇಕು. ಯಂತ್ರಕ್ಕೆ ದುಡ್ಡು ಹಾಕಬೇಡಿ.

ಸ್ಲೈಡಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಕೆಲಸ ಕೆಡುವುದು ಇಲ್ಲೇ. ಸೂಜಿ ತೆಗೆದ ಕೂಡಲೇ, ಯಾವ ಔಷಧಿಯೂ ಬೆರೆಯದ ತಾಜಾ ರಕ್ತದಿಂದ ತೆಳುವಾದ ಲೇಪನ ಮಾಡಬೇಕು, ಒಂದು ಹಕ್ಕಿಗೆ ಎರಡು ಮೂರು ಸ್ಲೈಡು. ಗಾಳಿಯಲ್ಲಿ ಬೇಗ ಒಣಗಬೇಕು. ಬಿಸಿಲಿಗೆ ಇಡಬಾರದು. ನೆಲದ ಮೇಲೆ ಇಟ್ಟರೆ ಇರುವೆ, ಕಟ್ಟೆಯ ಮೇಲೆ ಇಟ್ಟರೆ ನೊಣ. ನೊಣಕ್ಕೆ ರಕ್ತ ಅಂದರೆ ಹಬ್ಬ, ನೋಡನೋಡುತ್ತಿದ್ದಂತೆ ಲೇಪನದಲ್ಲಿ ತೂತು ಮಾಡುತ್ತವೆ. ನಾನು ಬ್ಯಾಟರಿಯ ಕೈ ಫ್ಯಾನ್ ಮತ್ತು ಸೊಳ್ಳೆಪರದೆ ಹೊಲಿದ ಒಂದು ಡಬ್ಬಿ ಇಟ್ಟುಕೊಂಡಿದ್ದೆ, ಅದು ಕೈ ಹಿಡಿಯಿತು. ಒಣಗಿದ ಮೇಲೆ ಅದೇ ದಿನ ಮೆಥನಾಲ್‌ನಲ್ಲಿ ಅದ್ದಿ ಗಟ್ಟಿ ಮಾಡಬೇಕು. ಮೆಥನಾಲ್ ವಿಷ, ಬೆಂಕಿಗೂ ಬೇಗ ಹತ್ತಿಕೊಳ್ಳುತ್ತದೆ, ಕಾರಿನೊಳಗೆ ಬಾಟಲಿ ಬಿಟ್ಟು ಊಟಕ್ಕೆ ಹೋಗಬೇಡಿ. ಸ್ಲೈಡಿನ ಮೇಲೆ ಹೆಸರನ್ನು ಪೆನ್ಸಿಲ್‌ನಿಂದ ಬರೆಯಿರಿ, ಮಾರ್ಕರ್ ಮಸಿ ಮೆಥನಾಲ್‌ನಲ್ಲಿ ಕರಗಿ ಹೋಗುತ್ತದೆ.

ಬಣ್ಣಕ್ಕೆ ಜೀಮ್ಸಾ. ಅದನ್ನು ಬೆರೆಸುವ ನೀರಿನ ಪಿಎಚ್ 7.2 ಹತ್ತಿರ ಇರಬೇಕು. ನಮ್ಮ ಬೋರ್‌ವೆಲ್ ನೀರು ಹಾಕಿದರೆ ಸ್ಲೈಡು ಪೂರ್ತಿ ನೀಲಿ, ಏನೂ ಗೊತ್ತಾಗುವುದಿಲ್ಲ. ಭಟ್ಟಿ ಇಳಿಸಿದ ನೀರಿಗೆ ಬಫರ್, ಅಂದರೆ ಪಿಎಚ್ ಕದಲದಂತೆ ಹಿಡಿಯುವ ಉಪ್ಪು, ಹಾಕಿಕೊಳ್ಳಿ. ಡಿಎನ್ಎಗೆ ಬೇರೆ ರಕ್ತ ಇಡಬೇಕು. ಶುದ್ಧ ಎಥನಾಲ್‌ನಲ್ಲಿ ಇಡುವುದು ವಾಡಿಕೆ, ಆದರೆ ಎಥನಾಲ್ ತರಿಸಲು ಅಬಕಾರಿ ಪರವಾನಗಿಯ ತಂಟೆ. ನಾವು ರಕ್ತ ಇಂಗಿಸಿಡುವ ವಿಶೇಷ ಕಾಗದದ ಕಾರ್ಡು ಬಳಸಿದೆವು. ಒಣಗಿದರೆ ಸಾಕು, ಫ್ರಿಜ್ಜೂ ಬೇಡ. ಕರೆಂಟ್ ಹೋಗುವ ಊರಿಗೆ ಇದೇ ಸರಿ. ದ್ರವವಾಗಿಯೇ ಇಡುವುದಾದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವ ಟ್ಯೂಬ್ ಬೇಡ, ಅದು ಮುಂದೆ ಡಿಎನ್ಎ ತುಂಡನ್ನು ಹಲವು ಪಟ್ಟು ಹೆಚ್ಚಿಸುವ ಪಿಸಿಆರ್‌ಗೆ ಅಡ್ಡ ಬರುತ್ತದೆ.

ಇಷ್ಟೆಲ್ಲ ಆದ ಮೇಲೆ ಸೂಕ್ಷ್ಮದರ್ಶಕದ ಮುಂದೆ ಕೂತೆ. ಎಣ್ಣೆ ಹಾಕಿ ಸಾವಿರ ಪಟ್ಟು ದೊಡ್ಡದು ಮಾಡಿ, ಒಂದು ಸ್ಲೈಡಿನಲ್ಲಿ ಕನಿಷ್ಠ ನೂರು ಜಾಗ ನೋಡಬೇಕು. ಕಣ್ಣು ಉರಿ, ಕುತ್ತಿಗೆ ನೋವು, ಮತ್ತೆ ಮತ್ತೆ ಏನೂ ಇಲ್ಲ. ಮರಿಗಳ ಸ್ಲೈಡುಗಳಲ್ಲಂತೂ ಏನೇನೂ ಇಲ್ಲ. ಅದು ಆಶ್ಚರ್ಯ ಅಲ್ಲ. ನೊಣ ಕಚ್ಚಿದ ಮೇಲೆ ಪರಾವಲಂಬಿ ಮೊದಲು ಬೇರೆ ಅಂಗಗಳಲ್ಲಿ ಬೆಳೆದು ರಕ್ತಕ್ಕೆ ಬರಲು ಕಾಲ ಬೇಕು, ಗೂಡಿನ ಸಣ್ಣ ಮರಿಗೆ ಎಷ್ಟೋ ಸಲ ಅಷ್ಟು ವಯಸ್ಸು ಆಗಿರುವುದಿಲ್ಲ. ‘ಮರಿಗಳಲ್ಲಿ ಇಲ್ಲ’ ಅನ್ನುವುದನ್ನು ‘ಈ ಊರಿನ ಹಕ್ಕಿಗಳಲ್ಲಿ ಇಲ್ಲ’ ಅಂತ ಬರೆಯಬಾರದು. ಆಮೇಲೆ ಒಂದು ಸಂಜೆ, ಮಾಂಜಾಕ್ಕೆ ರೆಕ್ಕೆ ಕೊಯ್ದುಕೊಂಡಿದ್ದ ದೊಡ್ಡ ಹಕ್ಕಿಯ ಸ್ಲೈಡಿನಲ್ಲಿ ಸಿಕ್ಕಿತು. ಕೆಂಪು ಕಣದೊಳಗೆ ನ್ಯೂಕ್ಲಿಯಸ್ಸಿನ ಪಕ್ಕ ಬಾಗಿಕೊಂಡು ಕೂತ ಉದ್ದನೆಯ ಆಕಾರ, ಅದರೊಳಗೆ ಕಂದು ಬಣ್ಣದ ಕಾಳು ಕಾಳು. ಆ ಕಾಳು ಹಿಮೋಗ್ಲೋಬಿನ್ ತಿಂದು ಉಳಿದ ಕಸ. ಲ್ಯೂಕೋಸೈಟೋಝೂನ್‌ನಲ್ಲಿ ಅದು ಇರುವುದಿಲ್ಲ. ಪ್ಲಾಸ್ಮೋಡಿಯಂ ಆಗಿದ್ದರೆ ರಕ್ತಕಣದೊಳಗೇ ಒಡೆದು ಮರಿ ಮಾಡುವ ಹಂತ ಎಲ್ಲಾದರೂ ಕಾಣಬೇಕು, ಎಷ್ಟು ಹುಡುಕಿದರೂ ಅದು ಕಾಣಲಿಲ್ಲ. ಹೀಮೋಪ್ರೋಟಿಯಸ್ ಇರಬೇಕು ಅಂದುಕೊಂಡೆ. ಗೈಡ್‌ಗೆ ಫೋನ್ ಮಾಡಿ ಹೇಳುವಾಗ ಧ್ವನಿ ನಡುಗುತ್ತಿತ್ತು. ಹಕ್ಕಿಗೆ ಕಾಯಿಲೆ ಅಂತ ತಿಳಿದು ಇಷ್ಟು ಖುಷಿಪಡುವ ಜನ ನಾವೇ ಇರಬೇಕು.

ಕಣ್ಣಿಗೆ ಕಂಡದ್ದು ಸಾಲದು, ಪಿಸಿಆರ್ ಆಗಬೇಕು. ಸೈಟೋಕ್ರೋಮ್ ಬಿ ಅನ್ನುವ ಜೀನಿನ ಒಂದು ಸಣ್ಣ ತುಂಡನ್ನು ಎರಡು ಸುತ್ತಿನಲ್ಲಿ ಹೆಚ್ಚಿಸಿ, ಅದರ ಡಿಎನ್ಎ ಅಕ್ಷರಗಳ ಸಾಲನ್ನು ಯಂತ್ರದಲ್ಲಿ ಓದಿಸುತ್ತಾರೆ. ಹಾಗೆ ಓದಿಸಿದ್ದನ್ನು ಹೋಲಿಸಲು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು 2009ರಿಂದ ನಡೆಸುತ್ತಿರುವ ಮಾಲ್‌ಅವಿ ಅನ್ನುವ ಉಚಿತ ದತ್ತಾಂಶ ಕೋಶ ಇದೆ. ಸೌಲಭ್ಯ ಇರುವ ಲ್ಯಾಬು ನಮ್ಮ ಜಿಲ್ಲೆಯಲ್ಲಿ ಸಿಗಲಿಲ್ಲ, ಬೇರೆ ಊರಿಗೆ ಒಯ್ಯಬೇಕಾಯಿತು. ಧಾರವಾಡದ ಬಸ್ಸಿನಲ್ಲಿ ತೊಡೆಯ ಮೇಲೆ ಥರ್ಮಾಕೋಲ್ ಡಬ್ಬಿ. ಕಂಡಕ್ಟರ್, "ಇದರಾಗ ಏನೈತ್ರಿ? ಮೀನೇನ್ರಿ?" ಅಂದರು. ಕೊಕ್ಕರೆ ರಕ್ತ ಅಂದೆ. ಅವರು ಟಿಕೆಟ್ ಹರಿದು ಕೊಟ್ಟು ಎರಡು ಸೀಟು ಹಿಂದೆ ಹೋಗಿ ಕೂತರು, ಊರು ಬರುವವರೆಗೆ ನನ್ನ ಕಡೆ ನೋಡಲಿಲ್ಲ. ಪರವಾನಗಿಯ ಪ್ರತಿ ಡಬ್ಬಿಯ ಜೊತೆಗೇ ಇರಲಿ, ಯಾರಾದರೂ ತಡೆದರೆ ಬೇಕಾಗುತ್ತದೆ.

ಲ್ಯಾಬಿನಿಂದ ಮೊದಲ ಸಲ ಬಂದ ಓದು ಗೋಜಲು, ಒಂದೇ ಜಾಗದಲ್ಲಿ ಎರಡೆರಡು ಗೆರೆ. ಒಂದೇ ಹಕ್ಕಿಯಲ್ಲಿ ಎರಡು ಬಗೆಯ ಸೋಂಕು ಇದ್ದರೂ ಹಾಗಾಗುತ್ತದೆ, ಬೇರೆ ಮಾದರಿ ತಗುಲಿ ಕೆಟ್ಟಿದ್ದರೂ ಹಾಗಾಗುತ್ತದೆ. ಮತ್ತೆ ಮಾಡಿಸಿದೆವು, ಮತ್ತೆ ದುಡ್ಡು. ಎರಡನೆಯದು ಸ್ವಚ್ಛವಾಗಿ ಬಂತು, ಹೀಮೋಪ್ರೋಟಿಯಸ್ ಗುಂಪೇ.

ದುಡ್ಡಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಸ್ಲೈಡು, ಜೀಮ್ಸಾ, ಮೆಥನಾಲ್ ಎಲ್ಲ ಸೇರಿ ಕೆಲವು ಸಾವಿರದಲ್ಲಿ ಮುಗಿಯಿತು. ಓದಿಸುವುದಕ್ಕೆ ಒಂದು ಮಾದರಿಗೆ 500 ರೂಪಾಯಿ ಹತ್ತಿರ ಕೊಟ್ಟೆ, ಡಿಎನ್ಎ ತೆಗೆಯುವುದು, ಪಿಸಿಆರ್ ಎಲ್ಲ ಅದರ ಮೇಲೆ ಬೇರೆ. ಜಾಸ್ತಿ ಹೋಗಿದ್ದು ರೈಲು, ಬಸ್ಸು, ಬಾಡಿಗೆ ಗಾಡಿಗೆ. ಹಕ್ಕಿ ಬಿದ್ದಿದೆ ಅಂತ ಮಧ್ಯಾಹ್ನ ಫೋನ್ ಬಂದರೆ ಬಸ್ಸಿಗೆ ಕಾಯಲು ಆಗುವುದಿಲ್ಲ. ಶಿಷ್ಯವೇತನ ತಡವಾಗಿ ಬರುತ್ತಿತ್ತು, ಅಣ್ಣನ ಹತ್ತಿರ ಸಾಲ ಮಾಡಿದ್ದು ಇನ್ನೂ ಇದೆ. ಡಾಕ್ಟರು ಮಾತ್ರ ಒಂದು ಪೈಸೆ ಮುಟ್ಟಲಿಲ್ಲ.

ಕಡತಕ್ಕಿಂತ, ಪಿಸಿಆರ್‌ಗಿಂತ ಕಷ್ಟ ಅನ್ನಿಸಿದ್ದು ಇದಾದ ಮೇಲೆ. ಯಾರಿಂದಲೋ ಊರಿಗೆ ಸುದ್ದಿ ಮುಟ್ಟಿತು, ‘ಕೊಕ್ಕರೆಗೆ ಮಲೇರಿಯಾ ಬಂದೈತಂತ’ ಅಂತ. ಗೂಡುಗಳಿರುವ ಹುಣಸೆ ಮರ ಒಬ್ಬರ ಹಿತ್ತಲಲ್ಲಿದೆ. ವರ್ಷಾ ವರ್ಷ ಹಿಕ್ಕೆ, ಕೊಳೆತ ಮೀನಿನ ನಾತ ಎಲ್ಲ ಸಹಿಸಿಕೊಂಡು ಬಂದ ಮನೆ ಅದು. ಆ ಮನೆಯ ಸೊಸೆಗೆ ಚಿಕ್ಕ ಮಗು ಇತ್ತು. ನಾನು ಹೋದಾಗ ಕಟ್ಟೆಯ ಮೇಲೆ ಏಳೆಂಟು ಜನ ಸೇರಿದ್ದರು. ಮನೆಯ ಹಿರಿಯರು ಕೇಳಿದರು, "ಯವ್ವಾ, ನೀನ ಹೇಳು. ಈ ಹಕ್ಕಿಯಿಂದ ನಮ್ಮ ಹುಡುಗರಿಗೆ ಜಡ್ಡು ಬರ್ತೈತೇನು? ಬರೂದಾದ್ರ ಗಿಡ ಕಡಸ್ತೀವಿ. ಇಟ್ಟಕೊಂಡು ಏನ್ ಮಾಡೂದೈತಿ?"

ನನ್ನ ಸ್ಲೈಡಿನ ಒಂದು ಕಣದಿಂದ ಒಂದು ಮರವೇ ಹೋಗುವ ಹಾಗೆ ಆಗಿತ್ತು. ಕಾಲು ತಣ್ಣಗಾದವು.

"ಇಲ್ಲ ಕಾಕಾ, ಇದು ಹಕ್ಕಿಗಳದ್ದೇ ಜಡ್ಡು, ಮನುಷ್ಯಾರಿಗೆ ಬರೂದಿಲ್ರಿ" ಅಂದೆ. ಆಮೇಲೆ ಕೂತು ನಿಧಾನವಾಗಿ ಹೇಳಿದೆ. ನಮಗೆ ಮಲೇರಿಯಾ ತರುವ ಪ್ಲಾಸ್ಮೋಡಿಯಂ ಬೇರೆ ಜಾತಿಯದು, ಅದನ್ನು ಹೊತ್ತು ತರುವುದು ಅನಾಫಿಲಿಸ್ ಸೊಳ್ಳೆ, ಅದು ಬರುವುದು ಮನುಷ್ಯರಿಂದ ಮನುಷ್ಯರಿಗೆ. ಈ ಹಕ್ಕಿಯ ರಕ್ತದಲ್ಲಿ ಸಿಕ್ಕಿದ್ದು ಮಲೇರಿಯಾದ ದೂರದ ನೆಂಟ. ಹಿಕ್ಕೆಯಿಂದಾಗಲಿ ಗರಿಯಿಂದಾಗಲಿ ಹರಡುವುದಿಲ್ಲ. ಅಂಗಳ ಗುಡಿಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಸತ್ತ ಹಕ್ಕಿ ಮುಟ್ಟಬೇಡಿ, ಅದು ಬೇರೆ ಕಾರಣಕ್ಕೆ. ನನ್ನ ಮಾತು ಪೂರ್ತಿ ನಂಬಿದರೋ ಇಲ್ಲವೋ, ಮರುದಿನ ಡಾಕ್ಟರನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರನ್ನೂ ಕರೆದುಕೊಂಡು ಹೋದೆ. ಡಾಕ್ಟರು ಕುರಿಗಳ ಉದಾಹರಣೆ ಕೊಟ್ಟು ಹೇಳಿದ್ದು ಎಲ್ಲರಿಗೂ ತಲೆಗೆ ಹೋಯಿತು. "ನೀಲಿ ನಾಲಿಗಿ ಕುರಿಗಿ ಬರ್ತೈತಿ, ಕುರಿ ಕಾಯಾವಗ ಬರ್ತೈತೇನು?" ಅಂದರು. ಕಟ್ಟೆಯ ಮೇಲೆ ನಗು. ಮರ ಉಳಿಯಿತು.

ಹಕ್ಕಿಗಾದರೂ ಇದರಿಂದ ತೊಂದರೆ ಇಲ್ಲವಾ ಅಂತ ನೀವು ಕೇಳಬಹುದು. ಇಂಥ ಪರಾವಲಂಬಿ ಮತ್ತು ಅದರ ಹಕ್ಕಿ ಬಹಳ ಕಾಲ ಜೊತೆಗೆ ಬದುಕಿ ಬಂದಿದ್ದರೆ ಸಾಮಾನ್ಯವಾಗಿ ಹಕ್ಕಿ ತಡೆದುಕೊಳ್ಳುತ್ತದೆ, ಸೋಂಕು ಇದ್ದೂ ಹಾರಾಡಿಕೊಂಡಿರುತ್ತದೆ. ಹೊಸ ಹಕ್ಕಿಗೆ ಹೊಸದಾಗಿ ತಗುಲಿದಾಗ ಅನಾಹುತ. ಹವಾಯಿ ದ್ವೀಪಗಳಲ್ಲಿ ಸೊಳ್ಳೆಯೇ ಇರಲಿಲ್ಲ. 1826ರಲ್ಲಿ ಒಂದು ಹಡಗಿನ ನೀರಿನ ಪೀಪಾಯಿಗಳಲ್ಲಿ ಬಂತು ಅನ್ನುತ್ತಾರೆ. ಆಮೇಲೆ ಹಕ್ಕಿ ಮಲೇರಿಯಾ ಹಬ್ಬಿ ಅಲ್ಲಿನ ಹನಿಕ್ರೀಪರ್ ಅನ್ನುವ ಸಣ್ಣ ಹಕ್ಕಿಗಳ ಜಾತಿಗಳಲ್ಲಿ ಎಷ್ಟೋ ಇಲ್ಲವಾದವು. ಮೃಗಾಲಯಗಳ ಪೆಂಗ್ವಿನ್‌ಗಳೂ ಇದರಿಂದ ಸಾಯುತ್ತವೆ. ಅದಕ್ಕೇ ಹಕ್ಕಿಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ದು ಬಿಡುವ ಮೊದಲು ರಕ್ತ ನೋಡಬೇಕು ಅನ್ನುವುದು. ಇನ್ನೊಂದು, ಮೇವು ಕಡಿಮೆ ಆಗಿ, ಗಾಯ ಆಗಿ, ಹಕ್ಕಿ ಬಳಲಿದಾಗ ಒಳಗೆ ಸುಮ್ಮನಿದ್ದ ಸೋಂಕು ಏಳಬಹುದು. ನನ್ನ ಆ ಹಕ್ಕಿಯಲ್ಲಿ ಗಾಯದಿಂದ ಸೋಂಕು ಎದ್ದಿತೋ, ಮೊದಲೇ ಅಷ್ಟಿತ್ತೋ ಹೇಳಲು ನನ್ನ ಹತ್ತಿರ ಸಾಕಷ್ಟು ಮಾದರಿ ಇಲ್ಲ. ಹಾಗೆಯೇ ಬರೆದಿದ್ದೇನೆ. ನನ್ನ ಮೇಜಿಗೆ ಬಂದ ದೊಡ್ಡ ಹಕ್ಕಿಗಳನ್ನು ಕೆಡವಿದ್ದು ಮಾಂಜಾ, ತಂತಿ ಮತ್ತು ಬಲೆ, ಹೀಮೋಪ್ರೋಟಿಯಸ್ ಅಲ್ಲ. ವರದಿಯಲ್ಲಿ ಇದನ್ನು ಮೊದಲ ಪುಟಕ್ಕೇ ಹಾಕಿದೆ. ಗೈಡ್ ‘ಇದು ನಿಮ್ಮ ವಿಷಯ ಅಲ್ಲ’ ಅಂದರು, ನಾನು ತೆಗೆಯಲಿಲ್ಲ.

ಮುಂದೆ ಮಾಡುವವರಿಗೆ ಇನ್ನೊಂದು ಮಾತು. ಊರಿಗೆ ಸುದ್ದಿ ತಾನಾಗಿ ಮುಟ್ಟುವ ಮೊದಲು ನೀವೇ ಹೋಗಿ ಹೇಳಿ, ‘ಮಲೇರಿಯಾ’ ಅನ್ನುವ ಪದ ಬಾಯಿಗೆ ಬರದಂತೆ ಹೇಳಿ. ಪೇಪರಿನವರು ಫೋನ್ ಮಾಡಿದರೆ ಮನುಷ್ಯರಿಗೆ ಬರುವುದಿಲ್ಲ ಅನ್ನುವುದನ್ನೇ ಮೊದಲ ವಾಕ್ಯ ಮಾಡಿ, ಎರಡನೆಯದನ್ನು ಅವರು ಹಾಕುವುದೇ ಇಲ್ಲ.

ಪರವಾನಗಿಯ ಅವಧಿ ಮುಗಿದ ಮೇಲೆ ವರದಿ ಕೊಡಬೇಕು ಅಂತ ನನ್ನ ಆದೇಶದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು, ನಿಮ್ಮದರಲ್ಲೂ ಇರುತ್ತದೆ. ಕೊಡದಿದ್ದರೆ ನಿಮಗಷ್ಟೇ ಅಲ್ಲ, ನಿಮ್ಮ ವಿಭಾಗದ ಮುಂದಿನ ಹುಡುಗರ ಅರ್ಜಿಗೂ ಕಲ್ಲು ಬೀಳುತ್ತದೆ. ನಾನು ಊರಿನ ಪಂಚಾಯಿತಿಗೂ ಕನ್ನಡದಲ್ಲಿ ಎರಡು ಪುಟ ಬರೆದು ಕೊಟ್ಟೆ. ಸ್ಲೈಡುಗಳೆಲ್ಲ ವಿಭಾಗದ ಕಪಾಟಿನಲ್ಲಿ ಇವೆ. ಹೀಮೋಪ್ರೋಟಿಯಸ್ ಹೇಗಿರುತ್ತದೆ ಅಂತ ಕಣ್ಣಾರೆ ನೋಡಬೇಕು ಅನ್ನುವವರು ಬಂದು ನೋಡಬಹುದು, ಲೆನ್ಸಿಗೆ ಹಾಕುವ ಎಣ್ಣೆ ಮಾತ್ರ ತಾವೇ ತನ್ನಿ, ನಮ್ಮದು ಖಾಲಿಯಾಗಿದೆ.